ಕಣ್ಣು ಮುಚ್ಚಿಸುವವರ ಮೇಲೊಂದು ಕಣ್ಣು

ಚಂದ್ರಭಾಗಾ ಹಾಲಿನವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುವ ಹೆಂಗಸು. ಎಷ್ಟೋ ವರ್ಷಗಳಿಂದ ಅದೇ ಹಾಲಿನವನು, ಅದೇ ಬೆರಳು. ಅವನಿಗೂ ಬೇಜಾರಿರಲಿಲ್ಲ, ಇವಳಿಗೂ ಸಂಕೋಚವಿರಲಿಲ್ಲ. ಭಾಲ್ಕಿಯ ಹಳೇ ಬಜಾರಿನ ಹಿಂದಿನ ಓಣಿಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ಜೋಳ ತಂದವರು ತಮ್ಮ ಡಬ್ಬಿಯ ಮೇಲೆ ಕಣ್ಣಿಟ್ಟು ಕೂತರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಡಬ್ಬಿ ಬಿಟ್ಟು ಬಜಾರಕ್ಕೆ ಹೋದವರನ್ನು ಕಂಡರೇ ಬರುತ್ತಿತ್ತು. "ಹಿಂಗ ಬಿಟ್ಟು ಹೋಗ್ತೀರಲ್ಲ, ನಾ ಏನು ನಿಮ್ಮ ಸ್ವಂತ ಅಕ್ಕನೇನು?" ಎಂದು ಬೈಯುವಳು.

ಈ ಗುಣ ಅವಳಿಗೆ ಅಂಟಿದ್ದು ಸಾಯಗಾಂವದ ತವರುಮನೆಯಲ್ಲಿ. ಅವಳು ಸಣ್ಣವಳಿದ್ದಾಗ ಅಪ್ಪನಿಗೆ ದಮ್ಮಿನ ಕಾಟ. ಬಿಳಿ ಬಟ್ಟೆಯ ವೈದ್ಯನೊಬ್ಬ ಊರಿಗೆ ಬಂದು, ಒಂದು ಪೈಸೆಯೂ ಬೇಡ, ಸೇವೆ ಮಾಡುವುದೇ ನನ್ನ ವ್ರತ ಎಂದ. ಅವರ ಪಡಸಾಲೆಯಲ್ಲೇ ಉಳಿದ, ರೊಟ್ಟಿ ಉಂಡ, ಮಕ್ಕಳಿಗೆ ಕಥೆ ಹೇಳಿದ. ಅಪ್ಪ ಅವನನ್ನು ಎಷ್ಟು ನಂಬಿದನೆಂದರೆ, ಸಂತೆಯಲ್ಲಿ ಕುರಿ ಮಾರಿಕೊಂಡು ಬರಲು ಅವನನ್ನೇ ಕಳಿಸಿದ. ಕುರಿಯ ದುಡ್ಡೂ ಬರಲಿಲ್ಲ, ವೈದ್ಯನೂ ಬರಲಿಲ್ಲ. ಅಪ್ಪ ಬಹಳ ದಿನ ಊರಬಾಗಿಲ ಅಗಸಿಯ ಕಡೆ ನೋಡುತ್ತ ಕೂಡುತ್ತಿದ್ದ, ಅವನಿಗೆ ದಾರಿಯಲ್ಲಿ ಏನಾದರೂ ಆಗಿರಬಹುದೆಂದು ಕಳವಳಪಡುತ್ತಿದ್ದ. ಅದನ್ನು ನೋಡಿ ಅವ್ವ ಮಗಳಿಗೆ ಹೇಳಿದ್ದಳು: "ರೊಕ್ಕ ಕೇಳಾಂವ ಏನು ಒಯ್ತಾನ ಅನ್ನೋದು ಮೊದಲೇ ಗೊತ್ತಿರ್ತದ. ಪುಕ್ಕಟ ಕೊಡಾಂವ ಏನು ಒಯ್ದ ಅನ್ನೋದು ಅವ ಹೋದ ಮ್ಯಾಲೇ ತಿಳೀತದ."

ಚಂದ್ರಭಾಗಾಳ ಗಂಡ ಸಿದ್ದೇಶ್ವರ ಲಾರಿ ಓಡಿಸುತ್ತಿದ್ದ. ಒಂದು ಸಲ ಕಬ್ಬಿನ ಲೋಡು ಹೇರಿಕೊಂಡು ಹುಮನಾಬಾದ ಕಡೆಯ ಇಳಿಜಾರಿನಲ್ಲಿ ಬರುವಾಗ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಸಾಲಿ ಬಿಟ್ಟು ಬರುವ ಮಕ್ಕಳ ಗುಂಪು. ಅವನು ಲಾರಿಯನ್ನು ಹೊಲಕ್ಕೆ ತಿರುಗಿಸಿದ, ಅದು ಮಗ್ಗುಲಾಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಸಿದ್ದೇಶ್ವರನ ಕೈ ನಡುಗತೊಡಗಿತು. ಬಸಿ ಹಿಡಿದರೆ ಚಹಾ ತುಳುಕಿ ಅಂಗಿಯ ಮೇಲೆ ಬೀಳುವುದು. ಸ್ಟೇರಿಂಗ್ ಮುಟ್ಟುವುದಂತೂ ದೂರ ಉಳಿಯಿತು. ನರಗಳಲ್ಲಿ ದೋಷವಿಲ್ಲ, ಮನಸ್ಸಿನಲ್ಲಿ ಹೆದರಿಕೆ ಕೂತಿದೆ ಎಂದರು ಡಾಕ್ಟರರು.

ಬೀದರಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಮಗಳು ಸಪ್ನಾ ಒಂದು ಭಾನುವಾರ ಬಂದವಳೇ, "ಅಪ್ಪಾಗ ಧ್ಯಾನ ಕಲಸೋಣು" ಎಂದಳು. ಬೀದರಿನಲ್ಲಿ 'ಸ್ಥಿರಶ್ವಾಸ' ಎಂಬ ಕೇಂದ್ರವಂತೆ. ಅದರ ಫೀಸು ಕೇಳಿ ಚಂದ್ರಭಾಗಾ ಗಿರಣಿಯ ಬಟನ್ ಆರಿಸಿಬಿಟ್ಟಳು. ಆ ಗದ್ದಲದಲ್ಲಿ ತಪ್ಪು ಕೇಳಿರಬಹುದೆಂದು.

"ಕಣ್ಣು ಮುಚ್ಚಾಕ ಇಷ್ಟು ಫೀಸಾ? ನಮ್ಮ ಮನ್ಯಾಗ ಅಂಗೈಯಾಗ ಲಿಂಗ ಇಟ್ಟು ದೃಷ್ಟಿ ನಿಲ್ಲಿಸ್ತೀವಿ, ಅದು ಧ್ಯಾನ ಅಲ್ಲೇನು? ಅಯ್ಯನವರು ನಿನಗ ಲಿಂಗ ಕಟ್ಟುವಾಗ ಫೀಸು ಕೇಳಿದ್ರೇನು?"

"ದಕ್ಷಿಣಿ ಕೊಟ್ಟಿದ್ದಿಲ್ಲೇನವ್ವಾ?"

"ದಕ್ಷಿಣಿ ನಾವಾಗಿ ಕೊಟ್ಟದ್ದು. ಫೀಸು ಅವರು ಕೇಳೋದು."

"ಹಂಗಾದ್ರ ನಾನಾಗೇ ಕೊಡ್ತೇನಿ, ದಕ್ಷಿಣಿ ಅಂತ ತಿಳ್ಕೊ" ಎಂದು ಸಪ್ನಾ ತನ್ನ ಪಗಾರದಲ್ಲಿ ಕಟ್ಟಿಬಿಟ್ಟಳು.

ಮೊದಲ ದಿನ ಚಂದ್ರಭಾಗಾ ಗಂಡನ ಜೊತೆ ತಾನೂ ಹೋದಳು. ಬಟ್ಟೆ ಅಂಗಡಿಯ ಮೇಲಿನ ಮಹಡಿ, ತಣ್ಣನೆಯ ಗಾಳಿ ಬಿಡುವ ಯಂತ್ರ, ಊದುಬತ್ತಿಯದಲ್ಲದ ಏನೋ ಒಂದು ಸುವಾಸನೆ. ಗುರೂಜಿ ಪುಣೆಯಲ್ಲಿರುತ್ತಾರಂತೆ, ಗೋಡೆಯ ಮೇಲೆ ಫೋಟೋ ಮಾತ್ರ. ಕಲಿಸುವವಳು ಆರತಿ ಎಂಬ ಸಣಕಲು ಹುಡುಗಿ. ಔರಾದ ತಾಲ್ಲೂಕಿನ ಚಿಂತಾಕಿಯವಳು ಎಂದದ್ದೇ ತಡ, ಚಂದ್ರಭಾಗಾ ಶುರು ಮಾಡಿದಳು. ಯಾರ ಮನೆಯವಳು, ಹೊಲ ಎಷ್ಟು, ಲಗ್ನ ಯಾಕೆ ಆಗಿಲ್ಲ, ಇದನ್ನು ಎಲ್ಲಿ ಕಲಿತೆ. ಆರತಿ ನಗುತ್ತ ಎಲ್ಲದಕ್ಕೂ ಉತ್ತರ ಕೊಟ್ಟಳು. ಅಷ್ಟು ಸಲೀಸಾಗಿ ಉತ್ತರ ಕೊಟ್ಟದ್ದೇ ಚಂದ್ರಭಾಗಾಗೆ ಸರಿ ಕಾಣಲಿಲ್ಲ.

ಕೊನೆಗೆ ಮ್ಯಾನೇಜರ್ ಅನೀಲಕುಮಾರ ದೀಪ ಹಚ್ಚಿಸಿ ಎಲ್ಲರಿಂದ ಮಾತು ತೆಗೆದುಕೊಂಡ. ಇಲ್ಲಿ ಕಲಿತದ್ದನ್ನು ಹೊರಗೆ ಯಾರಿಗೂ ಕಲಿಸುವುದಿಲ್ಲ ಎಂದು. ಬಾಗಿಲ ಬಳಿ ಕೂತಿದ್ದ ಚಂದ್ರಭಾಗಾ ಅಲ್ಲಿಂದಲೇ ಕೇಳಿದಳು: "ಒಳ್ಳೇದಿದ್ರ ಮುಚ್ಚಿಡೋದು ಯಾಕರಿ?"

"ಅರ್ಧಮರ್ಧ ಕಲಿತವರು ಕಲಿಸಿದ್ರ ಅಪಾಯ ಆಗ್ತದರಿ, ತಾಯಿ" ಎಂದ ಅನೀಲಕುಮಾರ.

ಪಕ್ಕದಲ್ಲಿ ಇನ್ನೊಂದು ಅಂಗಡಿ ಬರಬಾರದೆನ್ನುವ ಅಂಗಡಿಕಾರನ ಮಾತಿದು ಎಂದುಕೊಂಡಳು ಅವಳು.

ಆದರೆ ಸಿದ್ದೇಶ್ವರನ ಕೈ ನಿಲ್ಲುತ್ತ ಬಂತು. ದಿನಾ ಬೆಳಿಗ್ಗೆ ಗಿರಣಿಯ ಹಿಂದಿನ ಕೋಣೆಯಲ್ಲಿ ಅವನು ಧ್ಯಾನಕ್ಕೆ ಕೂಡುವನು. ಎದ್ದು ಬಂದಾಗ ಚಂದ್ರಭಾಗಾ ಬೇಕೆಂತಲೇ ಬಸಿಯ ಅಂಚಿನ ತನಕ ಚಹಾ ಸುರಿದು ಕೊಟ್ಟು, ಬೇರೆ ಕಡೆ ನೋಡಿದಂತೆ ಮಾಡಿ ಅವನ ಕೈಯನ್ನೇ ನೋಡುವಳು. ಬೇಸಿಗೆ ಬರುವ ಹೊತ್ತಿಗೆ ಚಹಾ ತುಳುಕುವುದು ನಿಂತಿತು. ಅವಳಿಗೆ ಸಂತೋಷವಾಯಿತು. ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಬೀದರಿನವರಿಗೆ ರಸೀದಿ ಬರೆದುಕೊಟ್ಟಂತೆ ಎನಿಸಿತು.

ಹಿಟ್ಟಿಗಾಗಿ ಕಾಯುವ ಹೆಂಗಸರಿಗೆ ಈ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮೊದಲು ಬಂದವಳು ಎದುರು ಮನೆಯ ಕಸ್ತೂರಿಬಾಯಿ. ಕೊರೊನಾ ಕಾಲದಲ್ಲಿ ಅವಳ ಒಬ್ಬನೇ ಮಗ ಬೀದರಿನ ದವಾಖಾನೆಗೆ ಹೋದವನು ಮನೆಗೆ ಬರಲಿಲ್ಲ. ಮುಖವನ್ನೂ ಅವಳಿಗೆ ತೋರಿಸಿರಲಿಲ್ಲ. "ಅಣ್ಣಾರ, ನಿಮ್ಮ ಕೈ ನಿಂತದಲ್ಲರಿ, ನನ್ನ ಎದಿ ಹಾರೋದು ನಿಲ್ತದೇನು?" ಎಂದು ಕೇಳಿದಳು. ದೀಪದ ಮುಂದೆ ಕೊಟ್ಟ ಮಾತು ನೆನಪಿದ್ದೂ ಸಿದ್ದೇಶ್ವರನಿಗೆ ಇಲ್ಲ ಎನ್ನಲಾಗಲಿಲ್ಲ, ಅದೇ ಕೋಣೆಯಲ್ಲಿ ಅವಳಿಗೂ ಕಲಿಸತೊಡಗಿದ. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಬ್ಯಾಂಕಿನ ಜವಾನ, ಆಮೇಲೆ ಬೆನ್ನುನೋವಿನ ಮಾಸ್ತರರು. ಯಾರಿಂದಲೂ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಾಳೆಹಣ್ಣು ತಂದರೂ ಹಿಂದಕ್ಕೆ ಕೊಡುವನು.

ಓಣಿಗೆ ಇದು ಅರಗಲಿಲ್ಲ. ಮುಂದಿನ ಮುನ್ಸಿಪಾಲ್ಟಿ ಇಲೆಕ್ಷನ್ನಿಗೆ ನಿಲ್ಲುತ್ತಾನೆ ಎಂದರು ಕೆಲವರು. ಮೊದಲು ಪುಕ್ಕಟ, ಆಮೇಲೆ ಚಂದಾ ಎಂದರು ಇನ್ನು ಕೆಲವರು. ಅವರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವಳು ಚಂದ್ರಭಾಗಾ. ಗಿರಣಿ ನಡೆಯುತ್ತಿರುವಾಗಲೇ ಪರದೆ ಸರಿಸಿ ಒಳಗೆ ಇಣುಕುವಳು. ಗಂಡ ಯಾರ ಪಕ್ಕ ಕೂತಿದ್ದಾನೆ, ಯಾರನ್ನು ನೋಡುತ್ತಿದ್ದಾನೆ ಎಂದು.

"ಏನರಿ, ಇದರಾಗ ನಿಮಗೇನು ಸಿಗ್ತದ?" ಎಂದು ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ನನ್ನ ಕೈ ನಿಂತದ. ಅವರದೂ ನಿಲ್ಲಲಿ ಅಂತೇನಿ."

"ಅಷ್ಟೇನಾ?"

"ಅಷ್ಟೇ ಚಂದ್ರಿ. ಇನ್ನೇನಿರಬೇಕು?"

ಬೆನ್ನ ಹಿಂದೆ ಏನೂ ಇಟ್ಟುಕೊಳ್ಳದ ಮನುಷ್ಯ ತನ್ನ ಮನೆಯಲ್ಲೇ ಇದ್ದಾನೆಂದು ಒಪ್ಪಿಕೊಳ್ಳಲು ಅವಳಿಗೆ ಕಷ್ಟವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬೀದರಿಗೂ ಹೋಯಿತು. ಒಂದು ಮಧ್ಯಾಹ್ನ ಆರತಿ ಬಸ್ಸಿಳಿದು ನೇರ ಗಿರಣಿಗೆ ಬಂದಳು. ಮುಖದಲ್ಲಿ ಅಂದಿನ ನಗುವಿರಲಿಲ್ಲ.

"ಕಾಕಾ, ನೀವು ದೀಪದ ಮುಂದ ಮಾತು ಕೊಟ್ಟಿದ್ರಿ" ಎಂದಳು ಸಿದ್ದೇಶ್ವರನಿಗೆ. ಅವನು ತಲೆ ತಗ್ಗಿಸಿದ. ಮಾತಿಗೆ ಮುಂದಾದವಳು ಚಂದ್ರಭಾಗಾ.

"ಉಸುರು ನಿಮ್ಮ ಕಂಪನಿದೇನವ್ವಾ?"

"ಉಸುರು ಎಲ್ಲಾರದೂ, ಕಾಕು. ನನ್ನ ಪಗಾರ ಕಂಪನಿದು. ಭಾಲ್ಕಿಯವರಿಗೆ ಇಲ್ಲೇ ಪುಕ್ಕಟ ಸಿಕ್ಕರ ಬೀದರಿಗೆ ಯಾರು ಬರ್ತಾರ? ಮಂದಿ ಕಡಿಮಿ ಆದ್ರ ನನ್ನೇ ಕೇಳ್ತಾರ. ಊರಾಗ ನಮ್ಮವ್ವ ಒಬ್ಬಾಕೀನೇ ಅದಾಳ."

"ಹಂಗಂದ್ರ ಕಳಿಸಿದ್ದು ಮ್ಯಾನೇಜರ್."

"ಹೌದು, ಅವರೇ ಕಳಿಸ್ಯಾರ." ಆರತಿ ಸಿದ್ದೇಶ್ವರನ ಕಡೆ ತಿರುಗಿದಳು. "ಇನ್ನೊಂದು ಮಾತದ. ಇದು ಅವರು ಹೇಳಿ ಕಳಿಸಿದ್ದಲ್ಲ, ನಂದು. ದುಃಖ ಒಳಗ ಇಟ್ಟುಕೊಂಡವರನ್ನ ಬಾಳ ಹೊತ್ತು ಕೂಡಿಸಬ್ಯಾಡ್ರಿ ಕಾಕಾ. ಕಣ್ಣು ಮುಚ್ಚಿದ್ರ ಎಲ್ಲಾರಿಗೂ ಶಾಂತಿನೇ ಕಾಣಸ್ತದ ಅಂತಿಲ್ಲ."

ಚಂದ್ರಭಾಗಾಗೆ ಇದು ಹೆದರಿಸುವ ಮಾತಾಗಿ ಕೇಳಿಸಿತು. ನೀರು ಕೂಡ ಕೊಡದೆ ಕಳಿಸಿದಳು. ಸಿದ್ದೇಶ್ವರ ಪಾಠ ನಿಲ್ಲಿಸಬೇಕೆಂದಾಗ, "ಈಗ ನಿಲ್ಲಿಸಿದ್ರ ನಾವು ಹೆದರಿದಂಗ" ಎಂದು ತಡೆದವಳೂ ಅವಳೇ. ಗಂಡನ ಪುಕ್ಕಟ ವಿದ್ಯೆಯ ಮೇಲೆ ಅವಳಿಗೆ ನಂಬಿಕೆ ಇನ್ನೂ ಇರಲಿಲ್ಲ. ಬೀದರಿನವರ ಮೇಲೆ ಅದಕ್ಕಿಂತ ಕಡಿಮೆ ಇತ್ತು, ಅಷ್ಟೇ.

ಎಳ್ಳಮಾಸಿ ಹಬ್ಬ ಹತ್ತಿರ ಬಂದಿತ್ತು. ಅವತ್ತು ಬೆಳಿಗ್ಗೆ ಗಿರಣಿಯಲ್ಲಿ ಸಜ್ಜೆ ಬೀಸುತ್ತಿದ್ದ ಚಂದ್ರಭಾಗಾಗೆ ಯಂತ್ರ ತಿರುಗಿಸುವ ಪಟ್ಟಾದ ಸದ್ದಿನ ನಡುವೆಯೂ ಯಾರೋ ಚೀರಿದ್ದು ಕೇಳಿಸಿತು. ಒಳಗೆ ಹೋದರೆ ಕಸ್ತೂರಿಬಾಯಿ ಗೋಡೆಗೆ ಒತ್ತಿಕೊಂಡು ನಿಂತಿದ್ದಾಳೆ, ಕಣ್ಣು ಬಿಗಿಯಾಗಿ ಮುಚ್ಚಿವೆ, ಉಸಿರು ಎಳೆದುಕೊಳ್ಳಲಾಗದೆ ಮೈ ಹೊಯ್ದಾಡುತ್ತಿದೆ. "ಮುಖಾ ತೋರಸ್ರೋ, ಒಮ್ಮಿ ಮುಖಾ ತೋರಸ್ರೋ" ಎಂಬುದೊಂದೇ ಮಾತು. ಕೂತವರೆಲ್ಲ ಎದ್ದು ದೂರ ಸರಿದಿದ್ದರು. ಸಿದ್ದೇಶ್ವರ ಅವಳ ಮುಂದೆ ನಿಂತು "ಉಸುರಿನ ಮ್ಯಾಲ ಲಕ್ಷ್ಯ ಇಡ್ರಿ, ಉಸುರಿನ ಮ್ಯಾಲ" ಎನ್ನುತ್ತಿದ್ದ. ಹಾಗೆಂದಷ್ಟೂ ಅವಳ ಉಸಿರು ಹೆಚ್ಚು ಕಟ್ಟುತ್ತಿತ್ತು. ಅವನ ಕೈ ಮತ್ತೆ ನಡುಗುತ್ತಿದ್ದುದನ್ನು ಚಂದ್ರಭಾಗಾ ನೋಡಿದಳು.

ಅವಳು ಕಸ್ತೂರಿಬಾಯಿಯನ್ನು ಅಪ್ಪಿ ಹಿಡಿದು ಗಂಡನಿಗೆ ಹೇಳಿದಳು: "ಆ ಹುಡುಗಿಗೆ ಫೋನ್ ಹಚ್ಚರಿ. ಲಗೂನ."

ಫೋನಿನಲ್ಲೇ ಆರತಿ ಹೇಳಿದ್ದು ಇಷ್ಟು: ಕಣ್ಣು ತೆರೆಸಿರಿ, ಹೊರಗೆ ಬೆಳಕಿಗೆ ಕರೆತನ್ನಿರಿ, ಧ್ಯಾನದ ಮಾತೇ ಎತ್ತಬೇಡಿರಿ, ಬರುತ್ತೇನೆ. ತನ್ನ ಕ್ಲಾಸು ಬಿಟ್ಟು, ಸಿಕ್ಕ ಬಸ್ಸು ಹತ್ತಿ ಬಂದಳು. ಅಷ್ಟು ಹೊತ್ತಾದರೂ ಕಸ್ತೂರಿಬಾಯಿಯ ಉಸಿರು ಬಿಟ್ಟು ಬಿಟ್ಟು ಕಟ್ಟುತ್ತಲೇ ಇತ್ತು. ಬಂದವಳು ಕಸ್ತೂರಿಬಾಯಿಯ ಚಪ್ಪಲಿ ತೆಗೆಸಿ, ಗಿರಣಿಯ ತಣ್ಣನೆಯ ಪರಸಿ ಕಲ್ಲಿನ ನೆಲದ ಮೇಲೆ ಪಾದ ಊರಿಸಿದಳು. "ಮಾವಶಿ, ಎದುರಿಗೆ ಏನೇನು ಕಾಣ್ತದ ಹೇಳ್ರಿ" ಎಂದಳು. ಕಸ್ತೂರಿಬಾಯಿ ತೊದಲುತ್ತ ಹೇಳತೊಡಗಿದಳು. ಡಬ್ಬಿ. ಜರಡಿ. ಬೆಕ್ಕು. "ಬೆಕ್ಕಿನ ಬಣ್ಣ ಯಾವುದು?" ಹೀಗೇ ಕೇಳುತ್ತ ಕೇಳುತ್ತ ಉಸಿರು ಹಿಡಿತಕ್ಕೆ ಬಂತು. ಆಮೇಲೆ ಅಳು ಬಂತು. ಅದನ್ನು ಆರತಿ ತಡೆಯಲಿಲ್ಲ. ಮಗನ ಹೆಸರು ಕೇಳಿದಳು, ಅವನಿಗೆ ಏನು ಉಣ್ಣಲು ಇಷ್ಟವಿತ್ತು ಎಂದು ಕೇಳಿದಳು. ಕೊನೆಗೆ ಅರ್ಧ ರೊಟ್ಟಿ ತಿನ್ನಿಸಿ, ಸಿದ್ದೇಶ್ವರನನ್ನು ಪಕ್ಕಕ್ಕೆ ಕರೆದಳು.

"ಸದ್ಯಕ್ಕ ಇವರನ್ನ ಕೂಡಿಸಬಾರದು. ಬೀದರಿನಾಗ ಮನಸ್ಸಿನ ಡಾಕ್ಟರ್‌ಗೆ ತೋರಸ್ರಿ. ನಿಮಗ ಒಳ್ಳೇ ಮನಸ್ಸದ ಕಾಕಾ, ಆದ್ರ ಒಳ್ಳೇ ಮನಸ್ಸಿದ್ರ ಸಾಲೋದಿಲ್ಲ. ಇದನ್ನ ಕಲೀಲಿಕ್ಕ ನನಗ ವರ್ಷಗಟ್ಟಲೆ ಹಿಡೀತು."

ಸಿದ್ದೇಶ್ವರ ಕೈ ಮುಗಿದ. ಚಂದ್ರಭಾಗಾ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡಹೋದಳು. ಆರತಿ ಮುಟ್ಟಲಿಲ್ಲ. ಬಸ್ಸಿನ ಚಾರ್ಜಾದರೂ ತಗೋ ಎಂದರೂ ಇಲ್ಲ. "ಇದಕ್ಕ ಯಾರಾದ್ರೂ ರೊಕ್ಕ ತಗೋತಾರೇನು, ಕಾಕು?" ಎಂದು ಹೊರಟೇಹೋದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮಾತು ಚಂದ್ರಭಾಗಾಳ ತಲೆಯಲ್ಲಿ ಕೂತಿತು. ಫೀಸಿಗಾಗಿ ಜಗಳಕ್ಕೆ ಬಂದವಳು ಈಗ ಪುಕ್ಕಟ ಯಾಕೆ ಬಂದಳು? ಗಂಡನನ್ನು ಆ ಕಂಪನಿಗೆ ಎಳೆಯಲೆಂದೇ? ಕಸ್ತೂರಿಬಾಯಿಗೆ ಇದ್ದುದೊಂದು ಮನೆ, ವಾರಸುದಾರರಿಲ್ಲ. ಅದರ ಮೇಲೆ ಯಾರಾದರೂ ಕಣ್ಣಿಟ್ಟಿದ್ದರೆ? ಸಾಯಗಾಂವದ ಪಡಸಾಲೆಯಲ್ಲಿ ಅಪ್ಪ ಅಗಸಿಯ ಕಡೆ ನೋಡುತ್ತ ಕೂತದ್ದು ಕಣ್ಣ ಮುಂದೆ ಬಂತು. ಹಬ್ಬ ಮುಗಿದ ಮೇಲೆ ನೆಂಟರ ಮನೆಗೆಂದು ಸುಳ್ಳು ಹೇಳಿ ಅವಳು ಔರಾದ ಬಸ್ಸು ಹತ್ತಿದಳು. ಔರಾದಿನಲ್ಲಿಳಿದು ಟಂಟಂ ಆಟೋ ಹಿಡಿದು ಚಿಂತಾಕಿಗೆ ಹೋದಳು. ಮನೆ ಹುಡುಕುವುದು ಕಷ್ಟವಾಗಲಿಲ್ಲ. 'ಕಣ್ಣು ಮುಚ್ಚಿಸೋ ನೌಕರಿ ಹುಡುಗಿ' ಎಂದರೆ ಊರಿಗೇ ಗೊತ್ತು.

ಅಂಗಳದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಪಕ್ಕದ ಹಟ್ಟಿಯಲ್ಲಿ ನಾಲ್ಕಾರು ಕುರಿಗಳು. ಅವಳೇ ಆರತಿಯ ತಾಯಿ ಕೌಸಲ್ಯಾಬಾಯಿ. ಭಾಲ್ಕಿಯಿಂದ ಬಂದಿದ್ದೇನೆ, ನಿಮ್ಮ ಮಗಳ ವಿಷಯ ಮಾತಾಡಬೇಕಿತ್ತು ಎಂದದ್ದೇ ತಡ, ಕೌಸಲ್ಯಾಬಾಯಿಯ ಕೈ ನಿಂತಿತು.

"ಎಷ್ಟು ರೊಕ್ಕ ಮುಳುಗಿಸ್ಯಾಳರಿ ನಿಮ್ಮದು?"

ಚಂದ್ರಭಾಗಾ ಸೆರಗು ಸರಿಮಾಡಿಕೊಂಡಳು.

"ಹೇಳ್ರಿ, ನಾಚಬ್ಯಾಡ್ರಿ. ಒಂದಿಲ್ಲೊಂದು ದಿನ ಯಾರಾರ ಬರ್ತಾರ ಅಂತ ನನಗ ಗೊತ್ತಿತ್ತು. ಕಣ್ಣು ಮುಚ್ಚಿಸಿದ್ದಕ್ಕ ತಿಂಗಳಾ ಪಗಾರ ಯಾರು ಕೊಡ್ತಾರರಿ? ಮುಚ್ಚಿದ ಕಣ್ಣಿನ ಮುಂದ ಏನು ನಡೀತದೋ ಯಾರಿಗೆ ಗೊತ್ತು? ಅಕಿ ಕಳಿಸಿದ ರೊಕ್ಕ ನಾ ಮುಟ್ಟಿಲ್ಲ. ಕುರಿ ಮಾರಿ ಉಂಡೇನಿ, ಅದನ್ನ ಮುಟ್ಟಿಲ್ಲ."

ತಾನು ಕೇಳಲೆಂದು ತಂದ ಪ್ರಶ್ನೆಗಳನ್ನೆಲ್ಲ ಆ ತಾಯಿ ಕೇಳುತ್ತಿದ್ದಳು. ಹುಡುಗಿ ಎಲ್ಲಿ ಇರುತ್ತಾಳೆ ನೋಡಿದ್ದೀರಾ, ಆ ಮ್ಯಾನೇಜರ್ ಎಂಥವನು, ಬಂದವರೆಲ್ಲ ಮರ್ಯಾದಸ್ಥರೇ ಎಂದು. ಚಂದ್ರಭಾಗಾ ಕಟ್ಟೆಯ ಮೇಲೆ ಕೂತಳು. ತೊಗರಿಗೆ ತಾನೂ ಕೈ ಹಚ್ಚಿದಳು. ಕಸ್ತೂರಿಬಾಯಿಯ ಕಥೆಯನ್ನು ಮೊದಲಿನಿಂದ ಹೇಳಿದಳು: ಚೀರಿದ್ದು, ಪರಸಿಯ ಮೇಲೆ ಪಾದ ಊರಿಸಿದ್ದು, ಬೆಕ್ಕಿನ ಬಣ್ಣ ಕೇಳಿದ್ದು, ಬಸ್ಸಿನ ಚಾರ್ಜನ್ನೂ ಮುಟ್ಟದೆ ಹೋದದ್ದು. ಹೇಳುತ್ತ ಹೇಳುತ್ತ ತನ್ನ ದನಿ ಯಾರದೋ ಪರವಾಗಿ ಸಾಕ್ಷಿ ಹೇಳುವವಳ ದನಿಯಾದದ್ದು ಅವಳಿಗೇ ಕೇಳಿಸಿತು.

"ಹಂಗಾದ್ರ ಉಳಿದವರ ಹತ್ರ ಯಾಕ ತಗೋತಾಳ?" ಎಂದಳು ಕೌಸಲ್ಯಾಬಾಯಿ. "ದೇವರು ಕೊಟ್ಟ ಉಸುರಿಗೆ ರೊಕ್ಕೇನು?"

"ನಂದು ಗಿರಣಿ ಅದರಿ. ಮಂದಿ ತಮ್ಮ ಜೋಳ ತರ್ತಾರ, ಹಿಟ್ಟೂ ತಾವೇ ಒಯ್ತಾರ. ನಾ ಜೋಳಕ್ಕ ರೊಕ್ಕ ತಗೊಳ್ಳೂದಿಲ್ಲ, ಬೀಸಿದ್ದಕ್ಕ ತಗೋತೇನಿ. ನಿಮ್ಮ ಮಗಳೂ ಹಂಗೇ ಅಂತ ತಿಳೀರಿ."

ಕೌಸಲ್ಯಾಬಾಯಿ ಯೋಚಿಸಿದಳು. ಸುಲಭಕ್ಕೆ ಬಿಡುವವಳಲ್ಲ.

"ಆದ್ರ ಗಿರಣಿ ಅಕಿದಲ್ಲಲ್ಲರಿ."

"ಅಲ್ಲ. ಪುಣೆಯಾಗ ಯಾವನೋ ಅದಾನ, ಅವಂದು."

"ಅಂವಗ ಎಷ್ಟು ಹೋಗ್ತದ?"

"ಅದು ನನಗೂ ಗೊತ್ತಿಲ್ಲ. ಶಕ್ ಇಡೋದಿದ್ರ ಅವನ ಮ್ಯಾಲ ಇಡ್ರಿ, ನಾನೂ ಇಟ್ಟೀನಿ. ಮಗಳ ಮ್ಯಾಲ ಬ್ಯಾಡ್ರಿ."

ಕೌಸಲ್ಯಾಬಾಯಿ ಬಹಳ ಹೊತ್ತು ತೊಗರಿಯಲ್ಲಿನ ಹರಳು ಆರಿಸಿದಳು. ಆಮೇಲೆ ಒಳಗೆ ಹೋಗಿ ಚಹಾ ತಂದಳು. ಹೊರಡುವಾಗ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, "ಖರೇ ಹೇಳಿದ್ರೋ ಇಲ್ಲೋ, ಹೇಳಾಕಾದ್ರೂ ಬಂದ್ರಿ" ಎಂದಳು.

ತಾಯಿ ಆ ಸಂಜೆಯೇ ಮಗಳಿಗೆ ಫೋನು ಮಾಡಿದಳು. ಮರುದಿನ ಆರತಿಯ ಫೋನು ಗಿರಣಿಗೆ ಬಂತು.

"ನಾ ನಿಮ್ಮ ಮನಿಗೆ ಏನೂ ಕೇಳದೆ ಬಂದೆ. ನೀವು ನಮ್ಮ ಮನಿಗೆ ಪತ್ತೇದಾರಿ ಮಾಡ್ಲಿಕ್ಕ ಹೋದ್ರಿ?"

"ಹೌದವ್ವಾ, ಹೋದೆ" ಎಂದಳು ಚಂದ್ರಭಾಗಾ. "ಹೋಗಿದ್ದಕ್ಕ ನಿಮ್ಮವ್ವಗ ನಿನ್ನ ಸಂಗತಿ ಹೇಳಾಕ ಆತು."

"ಹೊರಗಿನವರು ನೀವು ಹೇಳಿದ ಮ್ಯಾಲೇ ನಮ್ಮವ್ವ ನನ್ನ ನಂಬಬೇಕಾತಲ್ಲ" ಎಂದಳು ಆರತಿ. ದನಿ ಒಡೆದಿತ್ತು. ಫೋನು ಕಟ್ಟಾಯಿತು. ತಪ್ಪಾಯಿತು ಎನ್ನಬೇಕೆಂದು ಚಂದ್ರಭಾಗಾ ಎರಡು ಸಲ ಫೋನು ಕೈಗೆತ್ತಿಕೊಂಡಳು. ಎರಡು ಸಲವೂ ಕೆಳಗಿಟ್ಟಳು.

ಕ್ಲಾಸು ಬಿಟ್ಟು ಭಾಲ್ಕಿಗೆ ಹೋದದ್ದು ಅನೀಲಕುಮಾರನಿಗೆ ಗೊತ್ತಾಗಿ ಆರತಿಯ ಪಗಾರ ಹಿಡಿದರು. ಅವಳು ಕೆಲಸ ಬಿಟ್ಟಳು. ಯುಗಾದಿಯ ನಂತರ ಭಾಲ್ಕಿಯ ಒಂದು ಸಾಲಿಯ ಕೋಣೆಯಲ್ಲಿ ಭಾನುವಾರಗಳಂದು ತಾನೇ ಕಲಿಸತೊಡಗಿದಳು. ಸಿದ್ದೇಶ್ವರ ತನ್ನ ಪಾಠ ನಿಲ್ಲಿಸಿ ಅಲ್ಲಿ ಜಮಖಾನೆ ಹಾಸುವ ಕೆಲಸ ಹಚ್ಚಿಕೊಂಡ. ಮೊದಮೊದಲು ಆರತಿ, ನಿಮ್ಮ ಮನಸ್ಸಿಗೆ ಬಂದದ್ದು ಕೊಡಿರಿ ಎನ್ನುತ್ತಿದ್ದಳು. ಚಂದ್ರಭಾಗಾ ಗಂಡನ ಕೈಯಲ್ಲಿ ಹೇಳಿ ಕಳಿಸಿದಳು: "ಹಂಗನ್ನಬ್ಯಾಡ ಅನ್ರಿ. ಮನಸ್ಸಿಗೆ ಬಂದದ್ದು ಅಂದ್ರ ಮಂದಿಗೆ ಶಕ್ ಬರ್ತದ. ಇಷ್ಟು ಅಂತ ಬಾಗಿಲಿಗೆ ಬರೀಲಿ. ಇಲ್ಲದವರು ಕೊಡೋದು ಬ್ಯಾಡ ಅಂತನೂ ಅಲ್ಲೇ ಬರೀಲಿ." ಆರತಿ ಹಾಗೆಯೇ ಬರೆದಳು. ಆದರೆ ಗಿರಣಿಯ ಮುಂದೆ ಹಾದುಹೋಗುವಾಗ ಈಗ ಅವಳು ಚಿಕ್ಕಮ್ಮನನ್ನು ಕರೆದಂತೆ ಕಾಕು ಎನ್ನುವುದಿಲ್ಲ, "ಆರಾಮ ಅದೀರೇನ್ರಿ ಅಕ್ಕಾವ್ರೆ" ಎಂದು ನಿಲ್ಲದೆ ಹೋಗುತ್ತಾಳೆ. ಡಾಕ್ಟರರ ಗುಳಿಗೆಯಿಂದ ಕಸ್ತೂರಿಬಾಯಿಗೆ ನಿದ್ದೆ ಬರುತ್ತಿದೆ. ಭಾನುವಾರ ಅವಳೂ ಹೋಗುತ್ತಾಳೆ, ಕಣ್ಣು ತೆರೆದುಕೊಂಡೇ ಕೂಡುತ್ತಾಳೆ.

ಚಂದ್ರಭಾಗಾ ಮಾತ್ರ ಹೋಗಲಿಲ್ಲ. ಒಂದು ಮಧ್ಯಾಹ್ನ ಗಿರಣಿ ನಡೆಯುತ್ತಿರುವಾಗ ಕರೆಂಟು ಹೋಯಿತು. ಜೋಳ ತಂದವರು ಆಮೇಲೆ ಬರುತ್ತೇವೆಂದು ಎದ್ದು ಹೋದರು. ಪಟ್ಟಾ ತಿರುಗುತ್ತ ತಿರುಗುತ್ತ ನಿಂತಿತು. ಓಣಿಯಲ್ಲಿ ಯಾರೂ ಇಲ್ಲದ್ದನ್ನು ಎರಡು ಸಲ ನೋಡಿ, ಬಾಗಿಲು ಅರ್ಧ ಮುಂದೂಡಿ ಅವಳು ಜೋಳದ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದಳು. ಮೊದಲು ಮೂಗಿನಲ್ಲಿ ಹಿಟ್ಟು ಕಡಿಯಿತು. ಆಮೇಲೆ ಆರತಿಯ ಒಡೆದ ದನಿ ಕೇಳಿಸಿತು, ಅದು ಬಹಳ ಹೊತ್ತು ಹೋಗಲಿಲ್ಲ. ಶಾಂತಿ ಗೀಂತಿ ಏನೂ ಕಾಣಲಿಲ್ಲ. ಆದರೂ ಅವಳು ಏಳಲಿಲ್ಲ. ಹೊರಗೆ ಯಾರೋ ಡಬ್ಬಿ ಇಟ್ಟ ಸದ್ದಾಯಿತು. ಯಾರೆಂದು ನೋಡದೆಯೇ, "ಇಟ್ಟು ಹೋಗ್ರಿ, ಕರೆಂಟ್ ಬಂದ ಮ್ಯಾಲ ಬೀಸಿ ಇಡ್ತೇನಿ" ಎಂದಳು.